ದನಿಗೂಡಿಸುವವರು

ನಮ್ಮ ಕೋಲಾರದ ಕಡೆಯ ಮದುವೆಮನೆಗಳಲ್ಲಿ ಸೋಬಾನೆ ಹೇಳುವ ಕ್ರಮವನ್ನು ನೀವೆಲ್ಲ ಬಲ್ಲಿರಿ. ಹಿರಿಯಳೊಬ್ಬಳು ಸಾಲನ್ನು ಎತ್ತಿಕೊಡುತ್ತಾಳೆ. ಉಳಿದವರು ಅದನ್ನೇ ಹಿಡಿದು ದನಿಗೂಡಿಸುತ್ತಾರೆ. ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಾದರೆ ಒಂದು ಹಾಡು ಕನ್ನಡದ್ದು, ಮುಂದಿನದು ತೆಲುಗಿನದು. ಎತ್ತಿಕೊಟ್ಟವಳ ಹೆಸರು ಊರಿನಲ್ಲಿ ಉಳಿಯುತ್ತದೆ. ದನಿಗೂಡಿಸಿದವರ ಹೆಸರನ್ನು ಯಾರೂ ಕೇಳುವುದಿಲ್ಲ. ಈ ಮಾತನ್ನು ಅಮೆರಿಕದ ಒಂದು ಧ್ವನಿಮುದ್ರಿಕೆಯ ನೆಪದಲ್ಲಿ ಬರೆಯುತ್ತಿದ್ದೇನೆಂದರೆ ನಿಮಗೆ ಸೋಜಿಗವಾದೀತು.

ಮಾಲೂರಿನಲ್ಲಿ ನನ್ನ ಬಳಿ ಓದಿದ ಶಿಷ್ಯನೊಬ್ಬ ಈಗ ಡೆಟ್ರಾಯಿಟ್ ನಗರದ ಬಳಿ ಎಂಜಿನಿಯರ್ ಆಗಿದ್ದಾನೆ. "ಮೇಡಂ, ಇದನ್ನು ಕೇಳಿ, ಇದರಲ್ಲೂ ನಮ್ಮೂರಿನ ಹಾಗೆ ಒಬ್ಬಳು ಹೇಳುತ್ತಾಳೆ, ಉಳಿದವರು ಹಿಡಿಯುತ್ತಾರೆ" ಎಂದು ಒಂದು ಆಲ್ಬಂ ಕಳುಹಿಸಿಕೊಟ್ಟ. ಅದು 'ದಿ ಸುಪ್ರೀಮ್ಸ್ ಎ ಗೋಗೋ', 1966ರ ಆಗಸ್ಟಿನಲ್ಲಿ ಹೊರಬಂದದ್ದು. ಇಂಗ್ಲಿಷ್ ಹಾಡು ನನಗೆ ಪರಿಚಿತವಲ್ಲ. ಆದರೂ ಹನ್ನೆರಡು ಹಾಡುಗಳನ್ನೂ ಕೇಳಿದೆ. ಹಾಡಿದವರ ವೃತ್ತಾಂತವನ್ನು ಹುಡುಕಿ ಓದಿದೆ.

ಡಯಾನಾ ರಾಸ್, ಮೇರಿ ವಿಲ್ಸನ್, ಫ್ಲಾರೆನ್ಸ್ ಬಲಾರ್ಡ್ ಎಂಬ ಮೂವರು ಕಪ್ಪು ಜನಾಂಗದ ಹೆಣ್ಣುಮಕ್ಕಳು ಡೆಟ್ರಾಯಿಟಿನ ಬಡವರ ಸರ್ಕಾರಿ ವಸತಿಗೃಹಗಳಲ್ಲಿ ಬೆಳೆದವರು. 1959ರಲ್ಲಿ ಇನ್ನೊಬ್ಬ ಹುಡುಗಿಯೊಡನೆ ಸೇರಿ ಹಾಡತೊಡಗಿದಾಗ ಅವರೆಲ್ಲ ಶಾಲೆಯ ವಯಸ್ಸಿನವರು. ಅದೇ ವರ್ಷ ಅದೇ ಊರಿನಲ್ಲಿ ಬೆರ್ರಿ ಗಾರ್ಡಿ ಎಂಬಾತ ಮನೆಯವರಿಂದ 800 ಡಾಲರ್ ಸಾಲ ಪಡೆದು ರೆಕಾರ್ಡ್ ಕಂಪನಿ ಆರಂಭಿಸಿದ. ಅದೇ ಮುಂದೆ ಮೋಟೌನ್ ಆಯಿತು. ಮೊದಲು ಕಾರು ಕಾರ್ಖಾನೆಯಲ್ಲಿ ದುಡಿದಿದ್ದ ಆತ, ಬಿಡಿಭಾಗಗಳು ಒಂದೊಂದಾಗಿ ಸೇರಿ ಕಾರಾಗುವಂತೆ ಹಾಡನ್ನೂ ಕಟ್ಟಬಹುದೆಂದು ಯೋಚಿಸಿದವನು. ಹಾಡು ಬರೆಯುವವರು, ವಾದ್ಯದವರು, ಕುಣಿತ ಕಲಿಸುವವರು ಬೇರೆ ಬೇರೆ. ನಡೆಯುವುದು, ಕೂರುವುದು, ಮಾತನಾಡುವುದು ಹೇಗೆಂದು ಪಾಠ ಹೇಳಲು ಮ್ಯಾಕ್ಸಿನ್ ಪೊವೆಲ್ ಎಂಬ ಶಿಕ್ಷಕಿಯೂ ಇದ್ದರೆಂದು ಓದಿದಾಗ ನನಗೆ ಹಿತವೆನಿಸಿತು. ಒಂದೇ ಉದ್ಯಮವನ್ನು ನೆಚ್ಚಿದ ಊರು ಅದು, ನಮ್ಮ ಕೆ.ಜಿ.ಎಫ್.ನಂತೆ. ಇಲ್ಲಿ 2001ರಲ್ಲಿ ಗಣಿ ಮುಚ್ಚಿತು. ಡೆಟ್ರಾಯಿಟ್ ನಗರಾಡಳಿತ 2013ರಲ್ಲಿ ದಿವಾಳಿ ಅರ್ಜಿ ಹಾಕಿತು. ಹಾಡು ಮಾತ್ರ ಉಳಿದಿದೆ.

1966ರ ಅಕ್ಟೋಬರಿನಲ್ಲಿ ಈ ಆಲ್ಬಂ ಬೀಟಲ್ಸ್ ತಂಡದ 'ರಿವಾಲ್ವರ್' ಅನ್ನು ಹಿಂದಿಕ್ಕಿ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಹೆಣ್ಣುಮಕ್ಕಳದೇ ಆದ ತಂಡವೊಂದರ ಆಲ್ಬಂ ಆ ಸ್ಥಾನ ಪಡೆದದ್ದು ಅದೇ ಮೊದಲು. ಅದರ ಹೆಸರಾಂತ ಹಾಡು 'ಯೂ ಕಾಂಟ್ ಹರ್ರಿ ಲವ್'. ಪ್ರೀತಿಗಾಗಿ ಹಂಬಲಿಸುವ ಹುಡುಗಿಗೆ ಅವಳ ತಾಯಿ ಹೇಳಿದ್ದ ಬುದ್ಧಿಮಾತು ನೆನಪಾಗುತ್ತದೆ: ಅವಸರಪಡಬೇಡ, ಕಾಯಬೇಕು. ಇದರ ಮೂಲದಲ್ಲಿರುವುದು ಚರ್ಚಿನ ಒಂದು ಭಕ್ತಿಗೀತೆಯ ಭಾವ. ಅಲ್ಲಿ ಅವಸರಪಡಿಸಬಾರದಾದದ್ದು ದೇವರನ್ನು. ಒಬ್ಬರು ಕರೆದು ಹಲವರು ಓಗೊಡುವ ರೀತಿಯೂ ಆ ಚರ್ಚುಗಳಿಂದಲೇ ಸೋಲ್ ಸಂಗೀತಕ್ಕೆ ಬಂದದ್ದು. ನನ್ನ ಶಿಷ್ಯನ ಕಿವಿ ಸರಿಯಾಗಿಯೇ ಇದೆ.

ನನ್ನ ಮನಸ್ಸು ನಿಂತದ್ದು ಫ್ಲಾರೆನ್ಸಳ ಬಳಿ. ತಂಡಕ್ಕೆ 'ಸುಪ್ರೀಮ್ಸ್' ಎಂಬ ಹೆಸರನ್ನು ಆರಿಸಿದವಳು ಅವಳು. ಮುಂದಿನ ದನಿ ಡಯಾನಾಳದಾಯಿತು. ಫ್ಲಾರೆನ್ಸ್ ಹಿಂದೆ ನಿಂತಳು. 1967ರಲ್ಲಿ ತಂಡದಿಂದ ಹೊರಬಿದ್ದಳು. ಅದೇ ವರ್ಷ ತಂಡದ ಹೆಸರಿನ ಮುಂದೆ ಡಯಾನಾಳ ಹೆಸರು ಸೇರಿತು. ಬಡತನ ಕಂಡು, 1976ರಲ್ಲಿ ಫ್ಲಾರೆನ್ಸ್ ತೀರಿಕೊಂಡಾಗ ವಯಸ್ಸು 32. ಡಯಾನಾಳ ದನಿಯ ಹಿಂದೆ ಬರುವ ಆ ಎರಡು ದನಿಗಳನ್ನು ಬೇರ್ಪಡಿಸಿ ಕೇಳಲು ಪ್ರಯತ್ನಿಸಿದೆ. ಆಗಲಿಲ್ಲ. ಆದರೆ ಅವಿಲ್ಲದೆ ಹಾಡು ನಿಲ್ಲುವುದಿಲ್ಲವೆಂಬುದು ಸ್ಪಷ್ಟವಾಯಿತು.

ಮುಳಬಾಗಿಲು ತಾಲ್ಲೂಕಿನ ಶಾಲೆಯೊಂದರಲ್ಲಿ, ತೊಂಬತ್ತರ ದಶಕದಲ್ಲಿ, ಬೆಳಗಿನ ಪ್ರಾರ್ಥನೆಗೆ ಮೂವರು ಹುಡುಗಿಯರು ನಿಲ್ಲುತ್ತಿದ್ದರು. ಎಡಗಡೆಯವಳು ಯಾವತ್ತೂ ಮೊದಲು ಎತ್ತಿಕೊಂಡವಳಲ್ಲ. ಆದರೆ ಅವಳು ಬಾರದ ದಿನ ಉಳಿದಿಬ್ಬರ ಶ್ರುತಿ ಕೆಡುತ್ತಿತ್ತು. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಎರಡು ತಿಂಗಳಿರುವಾಗ ಅವಳ ಮದುವೆ ನಿಶ್ಚಯವಾಯಿತು. ಹೆಣ್ಣಿಗೆ 18 ತುಂಬಬೇಕೆಂಬ ಕಾನೂನು 1978ರಲ್ಲಿಯೇ ಬಂದಿತ್ತು. ನಾನು ಅವರ ಮನೆಗೆ ಹೋಗಿ ತಾಯಿಯೊಡನೆ ಮಾತನಾಡಿದೆ. "ಒಳ್ಳೇ ಸಂಬಂಧ ಮೇಡಮ್ಮೋರೇ, ಬಿಟ್ಟರೆ ಮತ್ತೆ ಬರಲ್ಲ" ಎಂದರು ಆಕೆ, ಕಾಫಿ ಕೊಟ್ಟು. ಆ ತಾಯಿಗೆ ಕಾಯಲು ಧೈರ್ಯವಿರಲಿಲ್ಲ. ಇನ್ನೂ ಇಬ್ಬರು ಹೆಣ್ಣುಮಕ್ಕಳಿದ್ದರು, ಬಾವಿ ಬತ್ತಿತ್ತು. ಪರೀಕ್ಷೆಯ ದಿನ ಅವಳ ಬೆಂಚು ಖಾಲಿಯಿತ್ತು.

ಎರಡು ವರ್ಷಗಳ ಹಿಂದೆ ಶ್ರೀನಿವಾಸಪುರದಲ್ಲಿ, ಮಾವಿನ ಕಾಲದಲ್ಲಿ, ಮಂಡಿಯ ಬಳಿ ಅವಳೇ ನನ್ನ ಗುರುತು ಹಿಡಿದು ನಮಸ್ಕರಿಸಿದಳು. ಮಗಳು ಕೋಲಾರದಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳಂತೆ. ನೆಂಟರು ಮದುವೆಯ ಮಾತೆತ್ತುತ್ತಿದ್ದಾರೆ ಎಂದಳು. "ನೀನೇನಂತೀಯಮ್ಮಾ?" ಎಂದೆ. "ಅವಸರ ಏನಿದೆ ಮೇಡಂ, ಓದಿಕೊಳ್ಳಲಿ" ಎಂದಳು. ಈಗಲೂ ಹಾಡುತ್ತೀಯಾ ಎಂದದ್ದಕ್ಕೆ, ಊರಿನಲ್ಲಿ ಸೋಬಾನೆಗೆ ಕರೆದರೆ ಹಿಂದೆ ಕೂತು ಹಿಡಿಯುತ್ತೇನೆ ಎಂದು ನಕ್ಕಳು.

ಆಲ್ಬಂ ಕೇಳಿದ ಮೇಲೆ, ನಾನು ಪಾಠ ಹೇಳಿದ ನಾಲ್ಕೂ ತಾಲ್ಲೂಕುಗಳ ಪ್ರಾರ್ಥನೆಯ ಹುಡುಗಿಯರ ಹೆಸರುಗಳನ್ನು ಬರೆದಿಡಲು ಕುಳಿತೆ. ಮುಂದೆ ನಿಂತವರ ಹೆಸರು ತಟ್ಟನೆ ಬಂದವು; ಪಕ್ಕದವರದು ಅರ್ಧದಷ್ಟೂ ಬರಲಿಲ್ಲ. ಇದನ್ನು ಓದುವ ನನ್ನ ವಿದ್ಯಾರ್ಥಿಗಳಲ್ಲಿ ನಿಮ್ಮೊಡನೆ ಯಾರು ದನಿಗೂಡಿಸುತ್ತಿದ್ದರೆಂದು ನೆನಪಿರುವವರು ದಯಮಾಡಿ ಬರೆಯಿರಿ. ಪಟ್ಟಿಯನ್ನು ಪೂರ್ತಿ ಮಾಡಬೇಕೆಂದಿದ್ದೇನೆ.