ಟಬ್ಬಿನಲ್ಲಿ ಮೂರು ವಾರ

ಅಂಗಡಿಯಿಂದ ತಂದ ನೀರಿನ ಗಿಡವನ್ನು ನಾನು ನೇರವಾಗಿ ಮೀನಿನ ಟ್ಯಾಂಕಿಗೆ ಹಾಕುವುದಿಲ್ಲ. ಮೊದಲು ಅದು ಬಾಲ್ಕನಿಯ ಪ್ಲಾಸ್ಟಿಕ್ ಟಬ್ಬಿನಲ್ಲಿ ಮೂರು ವಾರ ಇರಬೇಕು. ಟಬ್ಬು ಬಿಳಿಯದೇ ಆಗಬೇಕು. ಕಪ್ಪೋ ನೀಲಿಯೋ ಆದರೆ ತಳದಲ್ಲಿ ಹರಿದಾಡುವುದು ಕಣ್ಣಿಗೆ ಬೀಳುವುದಿಲ್ಲ. ಬುಡಕ್ಕೆ ಸುತ್ತಿದ ಲೋಹದ ಪಟ್ಟಿಯನ್ನೂ ಬೇರಿಗೆ ಅಂಟಿದ ಹತ್ತಿಯಂಥ ನಾರನ್ನೂ ಬಿಡಿಸಿ, ಕೊಳೆತ ಎಲೆ ಕಿತ್ತು, ನಲ್ಲಿ ನೀರಲ್ಲಿ ತೊಳೆದು ಬಿಟ್ಟರೆ ಆಯಿತು. ಉಳಿದದ್ದು ನೋಡುತ್ತಾ ಇರುವ ಕೆಲಸ.

ಗಿಡದ ಜೊತೆ ಬರುವವರು ಬಹಳ ಜನ. ಎಲೆಯ ಅಡಿಯಲ್ಲಿ ಬಸವನಹುಳುವಿನ ಮೊಟ್ಟೆ ಇರುತ್ತದೆ. ಸಬ್ಬಕ್ಕಿ ಪಾಯಸದ ಹನಿಯೊಂದು ಬಿದ್ದು ಅಲ್ಲೇ ಅಂಟಿಕೊಂಡಂತೆ, ಲೋಳೆಯೊಳಗೆ ಚುಕ್ಕೆ ಚುಕ್ಕೆ. ಒಂದೆರಡು ವಾರದಲ್ಲಿ ಮರಿಗಳು ಹೊರಬರುತ್ತವೆ. ಅಕ್ವೇರಿಯಂಗೆ ಹೀಗೆ ನುಸುಳುವ ಸಣ್ಣ ಬಸವನಹುಳುಗಳಲ್ಲಿ ಬಹುಪಾಲು ಗಂಡೂ ಹೆಣ್ಣೂ ಒಂದೇ ಮೈಯಲ್ಲಿರುವಂಥವು. ಜೊತೆಗಾರರಿಲ್ಲದೆ ಒಂದೇ ಹುಳು ವಂಶ ಬೆಳೆಸಬಲ್ಲದು. ಹೈಡ್ರಾ ಬರುತ್ತದೆ. ಹೊಲಿಗೆ ದಾರದ ತುದಿ ಬಿಚ್ಚಿಕೊಂಡಂತಿರುವ ಈ ಜೀವಿ ಆಗತಾನೇ ಹುಟ್ಟಿದ ಸೀಗಡಿ ಮರಿಯನ್ನು ಹಿಡಿದು ತಿನ್ನುತ್ತದೆ. ಎಲ್ಲಕ್ಕಿಂತ ನನಗೆ ಸೋಜಿಗ, ನಾವು ಚಿಕ್ಕಂದಿನಲ್ಲಿ ಬಾಲಕ್ಕೆ ದಾರ ಕಟ್ಟಿ ಹಾರಿಸುತ್ತಿದ್ದ ಏರೋಪ್ಲೇನ್ ಚಿಟ್ಟೆಯ ನಂಟರದು. ಸೂಜಿಯಂತೆ ಸಪೂರವಾದ ಡ್ಯಾಮ್ಸೆಲ್‌ಫ್ಲೈ ತನ್ನ ಮೊಟ್ಟೆಯನ್ನು ಗಿಡದ ಮೇಲೆ ಇಡುವುದಿಲ್ಲ. ಕಾಂಡವನ್ನು ಸೀಳಿ ಒಳಗೆ ಇಡುತ್ತದೆ. ಅದರ ಮರಿಹುಳು ಮಡಚಿಟ್ಟ ಕೆಳತುಟಿಯನ್ನು ಕೈಯಂತೆ ಚಾಚಿ ಬೇಟೆಯಾಡುತ್ತದೆ. ಗಪ್ಪಿ ಮರಿಗಳು ದಿನಕ್ಕೊಂದೆರಡು ಕಾಣೆಯಾಗತೊಡಗಿದಾಗ ಮನೆಯವರು ದೊಡ್ಡ ಮೀನನ್ನು ಬೈಯುತ್ತಿರುತ್ತಾರೆ.

ಕಾಯುವ ತಾಳ್ಮೆಯಿಲ್ಲದವರಿಗೆ ಔಷಧಿ ಸ್ನಾನಗಳಿವೆ. ಒಂದು ಪಾಲು ಬ್ಲೀಚಿಗೆ ಹತ್ತೊಂಬತ್ತು ಪಾಲು ನೀರು, ಹೆಚ್ಚೆಂದರೆ 2 ನಿಮಿಷ. ಗಟ್ಟಿ ಎಲೆಯ ಅನೂಬಿಯಾಸ್ ತಡೆದುಕೊಳ್ಳುತ್ತದೆ. ವ್ಯಾಲಿಸ್ನೇರಿಯಾ, ಪಾಚಿಜಾತಿಯ ಗಿಡಗಳು ಕರಗಿಹೋಗುತ್ತವೆ. ಬಾವಿಗೆ ಹಾಕುವ ಪೊಟ್ಯಾಸಿಯಂ ಪರ್ಮಾಂಗನೇಟನ್ನು ತಿಳಿ ಗುಲಾಬಿ ಬಣ್ಣ ಬರುವಷ್ಟು ಬೆರೆಸಿ ಹತ್ತು ನಿಮಿಷ ಅದ್ದುವವರಿದ್ದಾರೆ. ಕ್ಷೌರದಂಗಡಿಯ ಪಟಿಕವೂ ನಡೆಯುತ್ತದೆ. ಇವೆಲ್ಲ ಮೇಲಿರುವುದನ್ನು ಅಷ್ಟಿಷ್ಟು ಕೊಲ್ಲುತ್ತವೆ. ಲೋಳೆಯೊಳಗಿನ ಮೊಟ್ಟೆ ಎಷ್ಟೋ ಸಲ ಪಾರಾಗುತ್ತದೆ, ಕಾಂಡದೊಳಗಿನ ಮೊಟ್ಟೆಗಂತೂ ಸುದ್ದಿಯೇ ಮುಟ್ಟುವುದಿಲ್ಲ. ಕಾಣದ್ದು ತಾನಾಗಿ ಹೊರಗೆ ಬರುವವರೆಗೆ ಕಾಯುವುದೇ ವಾಸಿ ಎಂದು ನಾನು ಸ್ನಾನ ಮಾಡಿಸುವುದನ್ನು ಬಿಟ್ಟೆ.

ಈ ಮೂರು ವಾರದಲ್ಲಿ ಗಿಡವೂ ಬದಲಾಗುತ್ತದೆ. ಮಾರಾಟದ ಗಿಡಗಳಲ್ಲಿ ಬಹಳಷ್ಟನ್ನು ನರ್ಸರಿಯವರು ಬೇರು ಮಾತ್ರ ನೀರಲ್ಲಿಟ್ಟು ಎಲೆಯನ್ನು ಗಾಳಿಯಲ್ಲಿ ಬೆಳೆಸಿರುತ್ತಾರೆ. ಮುಳುಗಿಸಿದರೆ ಆ ಎಲೆಗಳು ಲೋಳೆಯಾಗಿ ಉದುರುತ್ತವೆ. ಕ್ರಿಪ್ಟೊಕೊರೈನ್ ಅಂತೂ ನಾಲ್ಕು ದಿನದಲ್ಲಿ ಸತ್ತೇಹೋಯಿತು ಎನ್ನಿಸಿಬಿಡುತ್ತದೆ. ಆಮೇಲೆ ಬುಡದಿಂದ ತೆಳ್ಳಗಿನ, ನೀರಿನದೇ ಆದ ಎಲೆ ಬರುತ್ತದೆ.

ನಾನು ಪಿಎಚ್‌ಡಿ ಮಾಡುವ ವಿಭಾಗದಲ್ಲೇ ಇರುವ ಗೆಳತಿಯೊಬ್ಬಳು ಎಂಟು ತಿಂಗಳು ಕಷ್ಟಪಟ್ಟು ಕೆಂಪು ಚೆರಿ ಸೀಗಡಿಗಳನ್ನು ಬೆಳೆಸಿದ್ದಳು. ಹತ್ತರಿಂದ ಶುರುವಾದದ್ದು ನೂರು ದಾಟಿತ್ತು. ಫೆಲೋಶಿಪ್ ಹಣ ಬಂದ ದಿನ ಒಂದು ಕಟ್ಟು ಗಿಡ ಕೊಂಡು ಸಂಜೆ ನೆಟ್ಟಳು. ರಾತ್ರಿಯೇ ಸೀಗಡಿಗಳು ಗಾಜಿನ ಮೇಲಕ್ಕೆ ಹತ್ತಿ ಹತ್ತಿ ಬೀಳತೊಡಗಿದವಂತೆ. ಬೆಳಿಗ್ಗೆ ನಾನು ಹೋದಾಗ ಅವಳು ಟೀ ಸೋಸುವ ಜಾಲರಿಯಲ್ಲಿ ಅವನ್ನು ಎತ್ತಿ ಎತ್ತಿ ಪೇಪರಿನ ಮೇಲೆ ಹಾಕುತ್ತಿದ್ದಳು. ಮೀನುಗಳು ಮಾತ್ರ ಏನೂ ಆಗದಂತೆ ಓಡಾಡಿಕೊಂಡಿದ್ದವು. ಅದೇ ಸುಳಿವು. ಕೀಟನಾಶಕ ಸಿಂಪಡಿಸಿದ ಗಿಡವಾದರೆ ಮೊದಲು ಹೋಗುವುದು ಸೀಗಡಿ, ಏಕೆಂದರೆ ಅದು ಕೀಟಗಳದೇ ದಾಯಾದಿ. ಅಂಗಡಿಯವನು "ನಮ್ ಗಿಡ ಅಲ್ಲ ಮೇಡಂ, ನಿಮ್ ನೀರೇ ಸರಿ ಇಲ್ಲ" ಅಂದ. ಎಲೆಯೊಳಗಿನ ವಿಷ ಯಾರ ಕಣ್ಣಿಗೂ ಕಾಣುವುದಿಲ್ಲವಾದ್ದರಿಂದ ವಾದ ಮುಂದುವರಿಯಲಿಲ್ಲ. ಅವಳು ಆ ಟ್ಯಾಂಕಿನಲ್ಲಿ ಈಗ ಪುಸ್ತಕ ಇಟ್ಟುಕೊಂಡಿದ್ದಾಳೆ.

ಅದಕ್ಕೇ ನನ್ನ ಟಬ್ಬಿಗೆ ಪರದೆ ಮುಚ್ಚುವುದಿಲ್ಲ. ನಾಲ್ಕು ದಿನಕ್ಕೊಮ್ಮೆ ನೀರು ಪೂರ್ತಿ ಬದಲಿಸುತ್ತೇನೆ. ವಿಷವಿದ್ದರೆ ಸ್ವಲ್ಪ ಸ್ವಲ್ಪವಾಗಿ ತೊಳೆದುಹೋಗಲಿ ಎಂದು. ಆ ನಾಲ್ಕು ದಿನದೊಳಗೆ ಸೊಳ್ಳೆ ಬಂದು ಮೊಟ್ಟೆ ಇಟ್ಟಿರುತ್ತದೆ. ಮರಿಗಳು ಲವಲವಿಕೆಯಿಂದ ಕುಣಿಯುತ್ತಿದ್ದರೆ ಸೀಗಡಿಯೂ ಬದುಕೀತು ಎಂಬುದು ನನ್ನ ಅಂದಾಜು. ರೆಕ್ಕೆ ಬರಲು ವಾರವಾದರೂ ಬೇಕು, ಅಷ್ಟರೊಳಗೆ ಆ ನೀರು ಮಣ್ಣಿನ ಪಾಲು. ಮನೆಮನೆಗೆ ಡ್ರಮ್ಮು, ಕುಂಡ ಇಣುಕಿ ನೋಡುತ್ತಾ ಬಂದ ಆಶಾ ಕಾರ್ಯಕರ್ತೆಗೆ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನ್ನ ಎದುರಿಗೇ ಟಬ್ಬು ಬಗ್ಗಿಸಿಸಿದರು. ಅವರದೂ ಸರಿಯೇ.

ಊರಿಂದ ಬಂದಿದ್ದ ಅಜ್ಜಿ ಒಮ್ಮೆ ಟಬ್ಬನ್ನು ನೋಡಿ, "ಇದ್ಯಾಕೆ ಹೊರಗಿಟ್ಟಿದ್ದೀಯ? ಗಿಡಕ್ಕೂ ಕಾಗೆ ಮುಟ್ಟಿತೇನೇ?" ಎಂದು ನಕ್ಕಳು. ನನಗೂ ನಗು ಬಂತು, ಆದರೆ ಪೂರ್ತಿ ನಗಲಾಗಲಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ತಿಂಗಳಿಗೆ ಮೂರು ದಿನ ಹಿತ್ತಿಲ ಜಗಲಿಯಲ್ಲಿ ಬೇರೆ ಚಾಪೆ, ಬೇರೆ ಚೊಂಬು ಇಟ್ಟುಕೊಂಡು ಕೂತವಳು ಅವಳು. 'ಹೊರಗಿಡುವುದು' ಎಂಬ ಮಾತು ನಮ್ಮಲ್ಲಿ ಟಬ್ಬಿಗೆ ಸೀಮಿತವಾದದ್ದಲ್ಲ. ಹೋಟೆಲಿನಲ್ಲಿ ಕೆಲವರಿಗೆಂದೇ ಬೇರೆ ಲೋಟ ಇಟ್ಟ ಊರುಗಳಿವೆ. ಆ ಲೋಟಕ್ಕೆ ಎಷ್ಟನೆಯ ದಿನ ಮುಗಿಯುತ್ತದೆ ಎಂದು ಕೇಳುವಂತಿಲ್ಲ. ನಾನು ಮಾಡುತ್ತಿರುವುದೂ ಅದೇ ಜಾತಿಯ ಕೆಲಸವೇ ಎಂಬ ಅನುಮಾನ ಅಂದಿನಿಂದ ಶುರುವಾಯಿತು.

ಹಾಗಾಗಿ ಇತಿಹಾಸ ಕೆದಕಿದೆ. ಇಂದು ಡುಬ್ರೋವ್ನಿಕ್ ಎನ್ನುವ ರಗೂಸಾ ಎಂಬ ಬಂದರು ಪಟ್ಟಣ 1377ರಲ್ಲಿ, ಪ್ಲೇಗಿರುವ ಕಡೆಯಿಂದ ಬಂದವರು ಒಂದು ತಿಂಗಳು ಹೊರಗೆ ಕಳೆದು ಬರಬೇಕೆಂದು ಕಾನೂನು ಮಾಡಿತು. ಮುಂದೆ ಅದು ನಲವತ್ತು ದಿನವಾಯಿತು. ಇಟಾಲಿಯನ್ನಿನ ನಲವತ್ತೇ ಕ್ವಾರಂಟೈನ್ ಎಂಬ ಪದದ ಮೂಲ. ಹೆಸರೇ ಒಂದು ಲೆಕ್ಕ. 2020ರಲ್ಲಿ ನಮ್ಮ ಬಾಗಿಲುಗಳಿಗೆ ಚೀಟಿ ಅಂಟಿಸಿ, ಕೈಗೆ ಮುದ್ರೆ ಒತ್ತಿದಾಗಲೂ ಅದರಲ್ಲಿ ಕೊನೆಯ ತಾರೀಖು ಇತ್ತು; ಅಕ್ಕಪಕ್ಕದವರು ಆ ತಾರೀಖನ್ನು ನಂಬಲಿಲ್ಲ ಎಂಬುದು ಬೇರೆ ಮಾತು. ಟಬ್ಬಿನಲ್ಲಿ ನಾನು ಇಂಥದ್ದೇ ಮೊಟ್ಟೆ, ಇಂಥದ್ದೇ ಹುಳು ಎಂದು ಹುಡುಕುತ್ತೇನೆ. ಸಿಗದಿದ್ದರೆ ಗಿಡ ಒಳಗೆ. ಅಜ್ಜಿಯ ಜಗಲಿಯಲ್ಲಿ ಯಾರೂ ಏನನ್ನೂ ಹುಡುಕುತ್ತಿರಲಿಲ್ಲ.

ಹುಡುಕುವಾಗಲೂ ಶತ್ರು ಯಾರು ಎಂಬುದರಲ್ಲಿ ನನಗೆ ಪೂರ್ತಿ ಖಾತ್ರಿಯಿಲ್ಲ. ಲಂಡನ್ನಿನ ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್ ಗಾಜಿನ ಪಾತ್ರೆಯಲ್ಲಿ ಎರಡು ಗೋಲ್ಡ್‌ಫಿಶ್, ಒಂದು ವ್ಯಾಲಿಸ್ನೇರಿಯಾ ಗಿಡ ಇಟ್ಟು ನೋಡಿದ. ಎಲೆ ಕೊಳೆತು ನೀರು ಕೆಟ್ಟಿತು. ಆಗ ಅವನು ಒಳಗೆ ಬಿಟ್ಟದ್ದು ಬಸವನಹುಳುಗಳನ್ನು! ಅವು ಕೊಳೆತದ್ದನ್ನು ತಿಂದವು, ನೀರು ತಿಳಿಯಾಯಿತು, 1850ರಲ್ಲಿ ಅವನು ಅದನ್ನು ಪ್ರಬಂಧವಾಗಿ ಮಂಡಿಸಿದ. ಅಕ್ವೇರಿಯಂ ಎಂಬ ಹವ್ಯಾಸದ ಆರಂಭಗಳಲ್ಲಿ ಇದೂ ಒಂದು. ಹೀಗೆ ಕರೆಸಿಕೊಂಡ ಅತಿಥಿಯನ್ನು ನಾವೀಗ ಪಟಿಕದಲ್ಲಿ ಅದ್ದುತ್ತೇವೆ. ನಾನೂ ಈಗ ಮೊಟ್ಟೆಯೊಡೆದು ಬಂದ ಬಸವನಹುಳುಗಳಲ್ಲಿ ನಾಲ್ಕೈದನ್ನು ಗಿಡದ ಜೊತೆಗೇ ಒಳಗೆ ಬಿಡುತ್ತೇನೆ.

ನಮ್ಮ ಎಚ್ಚರವೆಲ್ಲ ಒಳಗೆ ಬರುವುದರ ಮೇಲೇ. ಹೊರಗೆ ಹೋಗುವುದನ್ನು ಯಾರು ಮೂರು ವಾರ ಕಾಯಿಸುತ್ತಾರೆ? 1950ರ ದಶಕದಲ್ಲಿ ನಮ್ಮ ಕಡೆಯ ಹೈಡ್ರಿಲ್ಲಾ ಅಕ್ವೇರಿಯಂ ಗಿಡವಾಗಿ ಫ್ಲಾರಿಡಾಗೆ ಹೋಗಿ, ಅಲ್ಲಿಯ ಕಾಲುವೆ ಸೇರಿ, ಇಂದಿಗೂ ದೋಣಿಗಳ ದಾರಿ ಕಟ್ಟುತ್ತಿದೆ. 2021ರಲ್ಲಿ ಅಮೆರಿಕದ ಅಕ್ವೇರಿಯಂ ಅಂಗಡಿಗಳಲ್ಲಿ ಮಾರುತ್ತಿದ್ದ ಪಾಚಿಯ ಉಂಡೆಗಳೊಳಗೆ ಜೀಬ್ರಾ ಮಸಲ್ ಎಂಬ ಪುಟ್ಟ ಚಿಪ್ಪುಜೀವಿ ಸಿಕ್ಕಿ, ಕೊಂಡವರು ಉಂಡೆಯನ್ನು ಕುದಿಸಿಯೋ ಹೆಪ್ಪುಗಟ್ಟಿಸಿಯೋ ಎಸೆಯಬೇಕೆಂದು ಸರ್ಕಾರವೇ ಹೇಳಬೇಕಾಯಿತು. ನಮ್ಮ ಪಕ್ಕದ ಕೇರಳದ ಗದ್ದೆ, ಹಿನ್ನೀರುಗಳನ್ನು ಮುಚ್ಚಿದ ಸಾಲ್ವೀನಿಯಾವನ್ನು ಜನ ಆಫ್ರಿಕನ್ ಪಾಯಲ್ ಎನ್ನುತ್ತಾರೆ. ಊರು ಬ್ರೆಜಿಲ್, ಬೈಗುಳ ಆಫ್ರಿಕಾಕ್ಕೆ. ಅದನ್ನು ತಿನ್ನಲು ಸೊಂಡಿಲಿನಂಥ ಮೂತಿಯ ಪುಟ್ಟ ದುಂಬಿಯೊಂದನ್ನು ಆಸ್ಟ್ರೇಲಿಯಾದಿಂದ ತರಿಸಿದರು. ಬೇರೆ ಬೆಳೆಗೆ ಬಾಯಿ ಹಾಕುವುದಿಲ್ಲವೆಂದು ಪರೀಕ್ಷಿಸಿದ ಮೇಲೆಯೇ, 1983ರಲ್ಲಿ, ಬೆಂಗಳೂರಿನ ಒಂದು ತಾವರೆ ಕೊಳಕ್ಕೆ ಮೊದಲು ಬಿಟ್ಟರು. ಕಳೆಯನ್ನು ತಿನ್ನಬಂದ ಹುಳುವನ್ನೂ ಹೊರಗೆ ಕಾಯಿಸಿದರು. ಕಳೆಯನ್ನು ಯಾರೂ ಕಾಯಿಸಿರಲಿಲ್ಲ.

ಮೈಸೂರಿನ ಕುಕ್ಕರಹಳ್ಳಿ ಕೆರೆ ನನ್ನ ಕೋಣೆಯಿಂದ ನಡೆದು ಹೋಗುವಷ್ಟು ಹತ್ತಿರ. ಮೀನು ಸಾಕಿ ಬೇಸರ ಬಂದವರಿಗೂ ಕೆರೆ ಹತ್ತಿರವೇ. ಕತ್ತರಿಸಿದ ಗಿಡದ ಚೂರುಗಳನ್ನು ನಾನು ಟೆರೇಸಿನಲ್ಲಿ ಪೇಪರ್ ಹಾಸಿ, ಹಪ್ಪಳದಂತೆ ಮುರಿಯುವವರೆಗೆ ಒಣಗಿಸಿ, ಆಮೇಲೆ ಗೊಬ್ಬರಕ್ಕೆ ಹಾಕುತ್ತೇನೆ. ಟಬ್ಬಿನ ನೀರು ದಾಸವಾಳದ ಬುಡಕ್ಕೆ, ಮೋರಿಗಲ್ಲ. ಕೆಳಗಿನ ಮನೆಯ ಹುಡುಗ, ಏಳನೇ ಕ್ಲಾಸು, ಕಳೆದ ವಾರ ಹೊಸದಾಗಿ ಟ್ಯಾಂಕ್ ಇಟ್ಟಿದ್ದಾನೆ. ಒಣಗಲು ಹಾಕಿದ್ದನ್ನು ಕಂಡು, "ಬಿಸಾಡೋ ಬದಲು ನಂಗೇ ಕೊಡಿ ಅಕ್ಕಾ" ಅಂದ. ಟ್ಯಾಂಕಿನಿಂದ ಹಸಿಯಾದ ಎರಡು ಕಡ್ಡಿ ಕತ್ತರಿಸಿ ಕೊಟ್ಟು, ಮೂರು ವಾರ ಬೇರೆ ನೀರಲ್ಲಿಡು ಎಂದೆ.

"ನಿಮ್ಮ ಟ್ಯಾಂಕಿಂದ ಬಂದಿದ್ದಕ್ಕೂನಾ?"

"ಹೂಂ, ಅದಕ್ಕೂ."

ಅಮ್ಮನ ಹತ್ತಿರ ಹಳೆಯ ಬಕೆಟ್ ಇದೆಯಾ ಕೇಳಲು ಕಡ್ಡಿಗಳನ್ನು ಹಿಡಿದುಕೊಂಡೇ ಓಡಿದ.