ಬಾವಿಗೆ ಹಾಕಿದ ಕೆಂಪು ಔಷಧ

ಬೆಳಗಾವಿಯ ಕಾಲೇಜಿನ ಪ್ರಯೋಗಶಾಲೆಯಲ್ಲಿ ಬ್ಯುರೆಟ್ಟಿನ ತುಂಬ ನೇರಳೆ ನೀರು ಕಂಡಾಗ ನಮಗೆ ನೆನಪಾದದ್ದು ಖಾನಾಪುರ ಸೀಮೆಯ ನಮ್ಮೂರ ಬಾವಿ. ಆಯಿ ಹೇಳುತ್ತಿದ್ದಳು: "ವಾಂತಿಭೇದಿ ಬಂತಂದ್ರ ಸರಕಾರದವ್ರು ಬರ್ತಿದ್ರು. ಕರೀ ಹರಳು ಕೊಡದಾಗ ಕರಗಿಸಿ ಬಾವಿಗೆ ಸುರೀತಿದ್ರು. ನೀರಂದ್ರ ನೇರಳೆ ಹಣ್ಣಿನ ರಸ! ಅದನ್ನ ಅವ್ರು ಸೇದಿ ಮ್ಯಾಲಿಂದ ನಮ್ಮ ಕೊಡಕ್ಕ ಹುಯ್ಯೋರು. ನಮ್ಮ ಹಗ್ಗ ಇಳಿದ್ರ ಬಾವಿ ಕೆಡ್ತಿತ್ತಂತ."

ಆ ಹರಳೇ ಪೊಟ್ಯಾಸಿಯಂ ಪರ್ಮಾಂಗನೇಟ್. ಮ್ಯಾಂಗನೀಸಿನ ಒಂದು ಆಮ್ಲದ ಲವಣ. ಲವಣ ಡಬ್ಬಿಯೊಳಗ ವರ್ಷಗಟ್ಟಲೆ ತಣ್ಣಗ ಕೂಡತೈತಿ. ಪರ್ಮಾಂಗನಿಕ್ ಆಮ್ಲಕ್ಕೆ ಮಾತ್ರ ಆ ನೆಲೆಯಿಲ್ಲ. ಬೇರಿಯಂ ಲವಣಕ್ಕೆ ತೆಳು ಗಂಧಕಾಮ್ಲ ಹಾಕಿ ಅದನ್ನು ನೀರಿನಲ್ಲಿ ಪಡೆಯಬಹುದು. ಗಟ್ಟಿ ಮಾಡಹೋದರೆ ಒಡೆದು ಆಮ್ಲಜನಕ ಬಿಡುತ್ತದೆ, ಕಂದು ಮ್ಯಾಂಗನೀಸ್ ಡೈಆಕ್ಸೈಡ್ ಉಳಿಯುತ್ತದೆ. ಅದಕ್ಕೇ ಹಳ್ಳಿಗೆ ಬಂದದ್ದು ಲವಣ.

ಆಗ್ರಾದಲ್ಲಿದ್ದ ಹ್ಯಾಂಕಿನ್ ಎಂಬ ವಿಜ್ಞಾನಿ 1890ರ ದಶಕದಲ್ಲಿ ಕಾಲರಾ ತಡೆಯಲು ಇದನ್ನು ಬಾವಿಗಳಿಗೆ ಹಾಕಿಸಿದ. ಪೂರಾ ನಂಬುವಂಥ ಮದ್ದಲ್ಲ, ಮುಂದೆ ಬ್ಲೀಚಿಂಗ್ ಪೌಡರ್ ಬಂತು. ಆದರೆ ಅದರ ಲೆಕ್ಕ ನೇರ: ನೀರಿನಲ್ಲಿ ಕೊಳೆತ ಎಲೆ, ಹೇಲು ಇದ್ದರೆ ನೇರಳೆ ಬೇಗ ಸತ್ತು ಕಂದಾಗುತ್ತದೆ, ಇನ್ನಷ್ಟು ಹಾಕಬೇಕು. ತಿಳಿಗೆಂಪು ಬೇಗ ಆರದೆ ನಿಂತರೆ ಸಾಕು. ಯಾರ ಹಗ್ಗ ಅಂತ ಅದು ಕೇಳೂದಿಲ್ಲ.

ಈಗ ಕೇಳ್ರಿ ಗೆಳೆಯರೇ. 1924ರ ಕಾಂಗ್ರೆಸ್ ಅಧಿವೇಶನಕ್ಕೆಂದು ಬೆಳಗಾವಿಯ ಟಿಳಕವಾಡಿಯಲ್ಲಿ ಬಾವಿ ತೋಡಿದರು, ಇವತ್ತೂ ಕಾಂಗ್ರೆಸ್ ಬಾವಿ ಅಂತಾರ. ಅಧ್ಯಕ್ಷರಾಗಿದ್ದ ಗಾಂಧಿ ಅಸ್ಪೃಶ್ಯತೆ ಹೋಗಬೇಕೆಂದರು. 1927ರ ಮಾರ್ಚ್ 20ರಂದು ಅಂಬೇಡ್ಕರರು ಮಹಾಡದ ಚವದಾರ ಕೆರೆಯ ನೀರು ಕುಡಿದರು. ಕೆರೆ 'ಶುದ್ಧ' ಮಾಡಲು ಸವರ್ಣರು ಸುರಿಸಿದ್ದೇನು? ಸಗಣಿ, ಗಂಜಲ, ಹಾಲು, ಮೊಸರು, 108 ಕೊಡ! ಹ್ಯಾಂಕಿನ್ನನ ಹರಳು ಬಂದು ಆಗಲೇ ಮೂವತ್ತು ವರ್ಷ. ಆ ಕೊಡದಿಂದ ಒಂದಿಷ್ಟು ತೆಗೆದು ನಮ್ಮ ಬ್ಯುರೆಟ್ಟಿನ ನೀರಿಗೆ ಹಾಕಬೇಕಿತ್ತು. ಬಣ್ಣ ಉಳೀತಿರಲಿಲ್ಲ.

ಆ ದಿನ ಬ್ಯುರೆಟ್ಟು ಸೋರಿತು. ನಮ್ಮ ಬೆರಳು ಕಂದು ಹತ್ತಿತು. ಪಕ್ಕದಲ್ಲಿದ್ದವ ನಮ್ಮೂರವನೇ, ಬಾವಿಕಟ್ಟೆ ಓಣಿಯವ. ಅವನ ಬೆರಳಿಗೂ ಅದೇ ಕಂದು. ಸಂಜೆ ಖಾನಾಪುರದ ಬಸ್ಸಿನಲ್ಲಿ ಇಬ್ಬರೂ ಕೈ ತಿಕ್ಕುತ್ತ ನಗುತ್ತ ಕೂತಿದ್ದೆವು. ಊರಿಗೆ ಇಳಿದ ಮೇಲೆ ಅವ ಕೈ ತೊಳಿಯಾಕ ಬಾವಿಕಟ್ಟೀಗೆ ಹ್ವಾದ. ನಾವು ಕೇರಿಯ ನಳದ ಸಾಲಿನಾಗ ನಿಂತಿವಿ.