ಮೂರನೆಯ ಉತ್ತರ

ಉಪ್ಪಿನ ವಿಚಾರವನ್ನು ಕಲಿಯಹೊರಟವನು ಮೊದಲು ಇಂಗ್ಲಿಷಿನ ಪರೀಕ್ಷೆಗೆ ಕುಳಿತುಕೊಳ್ಳಬೇಕಾಯಿತೆಂದರೆ ಕೇಳಿದವರಿಗೆ ವಿಚಿತ್ರವೆನಿಸಬಹುದು. ನನ್ನ ಪಾಲಿಗೆ ಬಂದದ್ದು ಅದೇ. ಅದೂ ಒಂದು ಸಲವಲ್ಲ, ಎರಡು ಸಲ.

ನಮ್ಮ ಗದ್ದೆ ಗಂಗಾವತಿಯ ಸೀಮೆಯಲ್ಲಿದೆ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಯಲ್ಲಿ ನೀರು ಹರಿದ ಮೇಲೆ, ಜೋಳ ಬೆಳೆಯುತ್ತಿದ್ದ ಎರೆಯ ಹೊಲಗಳು ಭತ್ತದ ಗದ್ದೆಗಳಾದವು. ನಾನು ಹೈಸ್ಕೂಲು ಸೇರುವ ವೇಳೆಗೆ ನಮ್ಮ ತಗ್ಗಿನ ಎರಡು ಎಕರೆಯಲ್ಲಿ ಸಸಿಗಳು ಸುಟ್ಟಂತೆ ಒಣಗತೊಡಗಿದ್ದವು. ಬೇಸಿಗೆಯಲ್ಲಿ ಅಲ್ಲಿಯ ನೆಲ ಸುಣ್ಣ ಬಳಿದಂತೆ ಕಾಣುತ್ತಿತ್ತು. ಅದು ಸವುಳು. ನೀರು ಮಿತಿಮೀರಿ ನಿಂತಲ್ಲಿ ನೆಲದೊಳಗಿನ ನೀರಿನ ಮಟ್ಟ ಮೇಲೇರುತ್ತದೆ. ಮಣ್ಣಿನಲ್ಲಿದ್ದ ಉಪ್ಪು ಅದರೊಡನೆ ಮೇಲಕ್ಕೆ ಬರುತ್ತದೆ. ಬಿಸಿಲಿಗೆ ನೀರು ಆರಿಹೋಗಿ ಉಪ್ಪು ಮಾತ್ರ ಉಳಿಯುತ್ತದೆ. ಅದನ್ನು ತೊಳೆದು ಹೊರಗೆ ಕಳುಹಿಸಲು ನೆಲದೊಳಗೆ ಬಸಿಗಾಲುವೆಗಳನ್ನು ಹೂಳಬೇಕು. ಸಮುದ್ರವನ್ನು ಹಿಂದಕ್ಕೆ ತಳ್ಳಿ ನೆಲ ಮಾಡಿಕೊಂಡ ನೆದರ್ಲೆಂಡ್ಸಿನವರು ಈ ವಿದ್ಯೆಯಲ್ಲಿ ಪಳಗಿದವರು. ಕೃಷಿ ಪದವಿಯನ್ನು ಮುಗಿಸಿದ ನನಗೆ ಅಲ್ಲಿಗೆ ಹೋಗಿ ಅದನ್ನು ಕಲಿತು ಬರಬೇಕೆಂಬ ಹಂಬಲ ಹುಟ್ಟಿತು. ಅಲ್ಲಿಯ ವಿಶ್ವವಿದ್ಯಾಲಯವೊಂದು ಒಪ್ಪಿತು ಕೂಡ; ಆದರೆ ಐ.ಇ.ಎಲ್.ಟಿ.ಎಸ್. ಎಂಬ ಪರೀಕ್ಷೆಯಲ್ಲಿ ಒಟ್ಟು 6.5 ಅಂಕ ಬರಬೇಕು, ಯಾವ ಭಾಗದಲ್ಲಿಯೂ 6ಕ್ಕಿಂತ ಕಡಿಮೆಯಾಗಬಾರದು ಎಂದಿತು.

ಪರಭಾಷೆಯವರ ಇಂಗ್ಲಿಷನ್ನು ಅಳೆಯುವ ಕಸಬು ಹಳೆಯದು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯವು 1913ರಲ್ಲಿ ಇಂತಹ ಒಂದು ಪರೀಕ್ಷೆಯನ್ನು ಮೊದಲ ಬಾರಿಗೆ ನಡೆಸಿದಾಗ ಕುಳಿತವರು ಮೂವರೇ. ಹನ್ನೆರಡು ಗಂಟೆಗಳ ಆ ಪರೀಕ್ಷೆಯಲ್ಲಿ ಮೂವರೂ ಅನುತ್ತೀರ್ಣರಾದರು. ನಾನು ಸೋತ ದಿನ ಈ ಮೂವರ ನೆನಪು ನನಗೆ ದೊಡ್ಡ ಸಮಾಧಾನ ಕೊಟ್ಟಿತೆಂಬುದನ್ನು ಮುಚ್ಚಿಡುವುದೇಕೆ? ನಾನು ಬರೆದ ಪರೀಕ್ಷೆ 1989ರಲ್ಲಿ ಆರಂಭವಾದುದು. ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ಎಂದು ಅದಕ್ಕೆ ನಾಲ್ಕು ಭಾಗಗಳು. ಒಂದೊಂದಕ್ಕೂ ಗರಿಷ್ಠ 9 ಅಂಕ. ನಾಲ್ಕರ ಸರಾಸರಿಯೇ ಒಟ್ಟು ಅಂಕ. ಅದರ ಫಲಿತಾಂಶಕ್ಕೆ ಎರಡು ವರ್ಷಗಳ ಆಯುಸ್ಸು.

ಐದನೆಯ ತರಗತಿಯಲ್ಲಿ ಇಂಗ್ಲಿಷಿನ ಅಕ್ಷರಗಳನ್ನು ಮೊದಲು ಕಂಡವನು ನಾನು. ಹೀಗಾಗಿ ಪಟ್ಟಣದ ಒಂದು ತರಬೇತಿ ಕೇಂದ್ರಕ್ಕೆ ಸೇರಿದೆ. ಅಲ್ಲಿ ಪ್ರಬಂಧಗಳಿಗೆ ಸಿದ್ಧವಾದ ಅಚ್ಚುಗಳಿದ್ದವು. ಮೊದಲ ಪ್ಯಾರಾದಲ್ಲಿ ನಾಣ್ಯಕ್ಕೆ ಎರಡು ಮುಖಗಳೆಂದು ಹೇಳಬೇಕು. ಎರಡನೆಯದರಲ್ಲಿ ಒಂದು ಮುಖ, ಮೂರನೆಯದರಲ್ಲಿ ಇನ್ನೊಂದು. ಕೊನೆಗೆ ಎರಡನ್ನೂ ಸಮದೂಗಿಸಬೇಕು. ನಡುವೆ ವಿಷಯದ ಹೆಸರನ್ನು ತುಂಬಿದರಾಯಿತು. ಬಾಯಿಪಾಠ ನನಗೆ ಕಷ್ಟದ ಕೆಲಸವಲ್ಲ. ಮಗ್ಗಿಯಿಂದ ಹಿಡಿದು ಶಬ್ದಮಣಿದರ್ಪಣದ ಸೂತ್ರಗಳವರೆಗೆ ಹಾಗೆಯೇ ಕಲಿತು ಬಂದವನು. ಅಚ್ಚುಗಳನ್ನೆಲ್ಲ ಕಂಠಸ್ಥ ಮಾಡಿಕೊಂಡು 2013ರಲ್ಲಿ ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದೆ.

ಫಲಿತಾಂಶ ಬಂತು. ಕೇಳುವುದರಲ್ಲಿ 7, ಓದುವುದರಲ್ಲಿ 7.5, ಮಾತಿನಲ್ಲಿ 6.5, ಬರವಣಿಗೆಯಲ್ಲಿ 5.5. ಒಟ್ಟು 6.5 ಬಂದಿದ್ದರೂ ಬರವಣಿಗೆಯ ಆ ಅರ್ಧ ಅಂಕ ಬಾಗಿಲನ್ನು ಮುಚ್ಚಿತು.

ಊರಿಗೆ ಮರಳಿದಾಗ ಅಪ್ಪ ಕಟ್ಟೆಯ ಮೇಲೆ ಕುಳಿತಿದ್ದರು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು ಅವರು.

“ಪ್ರಶ್ನೆ ಏನ್ ಕೊಟ್ಟಿದ್ರಪಾ?” ಎಂದು ಕೇಳಿದರು.

ಹಳ್ಳಿಯ ಹುಡುಗರು ಊರು ಬಿಟ್ಟು ನಗರಕ್ಕೆ ಹೋಗುವುದು ಒಳ್ಳೆಯದೋ ಕೆಟ್ಟದ್ದೋ ಎಂಬುದು ಪ್ರಶ್ನೆಯೆಂದು ಹೇಳಿದೆ. ನಾನು ಬರೆದ ಉತ್ತರವನ್ನೂ ಕನ್ನಡದಲ್ಲಿ ಒಪ್ಪಿಸಿದೆ: ಇದರಿಂದ ಲಾಭವೂ ಉಂಟು, ನಷ್ಟವೂ ಉಂಟು, ಸರ್ಕಾರ ಮತ್ತು ಸಮಾಜ ಕೂಡಿ ಯೋಚಿಸಬೇಕು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದು ಯಾರಿಗೆ ಗೊತ್ತಿಲ್ಲ? ನಿನಗ ಏನ್ ಅನಿಸ್ತು ಅನ್ನೋದನ್ನ ಬರದಿಯೇನು?” ಎಂದರು.

ಬರೆದಿರಲಿಲ್ಲ. ಆ ವರ್ಷವೇ ನನ್ನ ತಮ್ಮ ಗದ್ದೆಯನ್ನು ಬಿಟ್ಟು ಬೆಂಗಳೂರಿನ ಒಂದು ಗೋದಾಮಿನಲ್ಲಿ ಕೆಲಸಕ್ಕೆ ಸೇರಿದ್ದ. ಪರೀಕ್ಷೆಯ ಹಿಂದಿನ ರಾತ್ರಿ ನಾನು ಮಲಗಿದ್ದು ಅವನ ಕೋಣೆಯಲ್ಲಿಯೇ. ಮರುದಿನ ಅದೇ ವಿಷಯದ ಪ್ರಶ್ನೆ ಕಣ್ಣ ಮುಂದೆ ಬಂದಾಗ ನನಗೆ ಅವನ ನೆನಪಾಗಲಿಲ್ಲ, ನಾಣ್ಯದ ನೆನಪಾಯಿತು.

ಎರಡನೆಯ ಸಲದ ಸಿದ್ಧತೆಯನ್ನು ನಾನೇ ಮಾಡಿಕೊಂಡೆ. ಪ್ರತಿದಿನ ಸಂಜೆ ಒಂದು ಪ್ರಶ್ನೆಯನ್ನು ಎತ್ತಿಕೊಂಡು, ನನ್ನ ಅಭಿಪ್ರಾಯವನ್ನು ಮೊದಲು ಕನ್ನಡದಲ್ಲಿ ಬರೆಯುವುದು, ಆಮೇಲೆ ಇಂಗ್ಲಿಷಿನಲ್ಲಿ ಬರೆಯುವುದೆಂದು ನಿಶ್ಚಯಿಸಿದೆ. ಕನ್ನಡದ ಭಾಗ ಸುಲಭವೆಂಬ ಭರವಸೆ ನನಗಿತ್ತು. ಒಂದು ವಾರದೊಳಗೆ ಆ ಭರವಸೆ ಅಳಿಯಿತು. ನನ್ನ ಕನ್ನಡವೂ ಅಚ್ಚಿನದೇ! ‘ಇಂದಿನ ಆಧುನಿಕ ಯುಗದಲ್ಲಿ’ ಎಂದು ತೊಡಗಿದ ಲೇಖನಿ, ‘ಎಂದರೆ ತಪ್ಪಾಗಲಾರದು’ ಎಂಬಲ್ಲಿಗೆ ತಾನಾಗಿಯೇ ಹೋಗಿ ನಿಲ್ಲುತ್ತಿತ್ತು. ನಡುವೆ ನಾನೆಲ್ಲಿದ್ದೆನೆಂದು ಹುಡುಕಿದರೆ ಸಿಗುತ್ತಿರಲಿಲ್ಲ. ಅಂತಹ ಹಾಳೆಗಳನ್ನು ಹರಿದು ಮತ್ತೆ ಬರೆದೆ. ಚಿಕ್ಕ ಚಿಕ್ಕ ವಾಕ್ಯಗಳಲ್ಲಿ, ಕಂಡದ್ದನ್ನು ಮಾತ್ರ ಬರೆಯತೊಡಗಿದೆ. ಕನ್ನಡ ಸರಿಹೋದ ದಿನ ಇಂಗ್ಲಿಷು ಅಷ್ಟು ತೊಡಕೆನಿಸುತ್ತಿರಲಿಲ್ಲ. ವ್ಯಾಕರಣದ ತಪ್ಪುಗಳಿದ್ದರೂ ಹೇಳುವ ಮಾತೊಂದು ಅಲ್ಲಿರುತ್ತಿತ್ತು.

ಮಾತನಾಡುವ ಭಾಗ ಹದಿನಾಲ್ಕು ನಿಮಿಷಗಳನ್ನು ಮೀರುವುದಿಲ್ಲ. ‘ಎಗ್’ ಎನ್ನಬೇಕಾದಲ್ಲಿ ‘ಯೆಗ್ಗು’ ಎನ್ನುವುದನ್ನೂ, ‘ಓನ್ಲಿ’ ಎನ್ನಬೇಕಾದಲ್ಲಿ ‘ವೋನ್ಲಿ’ ಎನ್ನುವುದನ್ನೂ ತಿದ್ದಿಕೊಳ್ಳಲು ಕಾಲುವೆಯ ದಂಡೆಯ ಮೇಲೆ ಒಬ್ಬನೇ ಮಾತನಾಡುತ್ತ ಅಡ್ಡಾಡಿದೆ. ನನಗೆ ಗಾಳಿ ಸೋಕಿದೆಯೆಂದು ಊರಿನಲ್ಲಿ ಒಂದಿಬ್ಬರು ಮಾತನಾಡಿಕೊಂಡರಂತೆ.

ಓದುವ ಭಾಗದಲ್ಲಿ ನನ್ನನ್ನು ಬಹಳವಾಗಿ ಕಾಡಿದ ಒಂದು ಬಗೆಯ ಪ್ರಶ್ನೆಯಿತ್ತು. ಒಂದು ಲೇಖನವನ್ನು ಕೊಟ್ಟು, ಅದರ ಕೆಳಗೆ ಕೆಲವು ಹೇಳಿಕೆಗಳನ್ನು ಕೊಡುತ್ತಾರೆ. ಪ್ರತಿಯೊಂದಕ್ಕೂ ಸರಿ, ತಪ್ಪು, ಅಥವಾ ‘ಹೇಳಿಲ್ಲ’ ಎಂದು ಉತ್ತರಿಸಬೇಕು. ನಮ್ಮ ಶಾಲೆಗಳಲ್ಲಿ ಸರಿ ತಪ್ಪು ಗುರುತು ಹಾಕುವುದು ಎಲ್ಲರಿಗೂ ರೂಢಿ. ಈ ಮೂರನೆಯ ಉತ್ತರವನ್ನು ಅಲ್ಲಿ ನಾನು ಕಂಡಿರಲಿಲ್ಲ. ಒಂದು ಅಭ್ಯಾಸ ಪಾಠದಲ್ಲಿ, ಒಂದು ಊರಿಗೆ ಕಾಲುವೆ ಬಂತು, ಆಮೇಲೆ ಅಲ್ಲಿಯ ಜನಸಂಖ್ಯೆ ಹೆಚ್ಚಿತು ಎಂದಿತ್ತು. ಕಾಲುವೆಯಿಂದಾಗಿ ಜನಸಂಖ್ಯೆ ಹೆಚ್ಚಿತು ಎಂಬುದು ಹೇಳಿಕೆ. ನಾನು ಹಿಂದುಮುಂದು ನೋಡದೆ ‘ಸರಿ’ ಎಂದು ಬರೆದೆ. ಪುಸ್ತಕದ ಕೊನೆಯಲ್ಲಿದ್ದ ಉತ್ತರ ‘ಹೇಳಿಲ್ಲ’ ಎಂದಿತ್ತು. ಸಿಟ್ಟು ಬಂತು. ಕಾಲುವೆ ಬಂದರೆ ಜನ ಬರುತ್ತಾರೆಂಬುದು ಗಂಗಾವತಿಯವನಿಗೆ ತಿಳಿಯದೆ? ಲೇಖನವನ್ನು ನಾಲ್ಕು ಸಲ ಓದಿದೆ. ಅದರಲ್ಲಿ ‘ಆಮೇಲೆ’ ಎಂದಿತ್ತೇ ಹೊರತು ‘ಆದ್ದರಿಂದ’ ಎಂದಿರಲಿಲ್ಲ. ಆ ‘ಆದ್ದರಿಂದ’ವನ್ನು ಸೇರಿಸಿದವನು ನಾನು. ಅದು ನಿಜವೇ ಇರಬಹುದು. ಆದರೆ ಬರೆದವನು ಹಾಗೆಂದು ಹೇಳಿರಲಿಲ್ಲ. ಈ ಎರಡು ಪದಗಳ ನಡುವಿನ ಅಂತರವನ್ನು ಗುರುತಿಸುವುದಕ್ಕೆ ನನಗೆ ಎರಡು ತಿಂಗಳು ಹಿಡಿಯಿತು.

2014ರಲ್ಲಿ ಮತ್ತೆ ಬರೆದೆ. ಈ ಸಲದ ಪ್ರಬಂಧದ ವಿಷಯ ಬೇಸಾಯದ ಭವಿಷ್ಯವನ್ನು ಕುರಿತದ್ದು. ನಾಣ್ಯವನ್ನು ಜೇಬಿನಲ್ಲಿಯೇ ಬಿಟ್ಟು ನಮ್ಮ ಎರಡು ಎಕರೆಯ ಕಥೆಯನ್ನು ಬರೆದೆ. ಸವುಳು ಹೇಗೆ ಬಂತು, ಅದಕ್ಕೆ ಬೇಸತ್ತು ತಮ್ಮ ಹೇಗೆ ಊರು ಬಿಟ್ಟ, ನೆಲ ಕೆಟ್ಟರೆ ಮನೆಯೇ ಹೇಗೆ ಒಡೆಯುತ್ತದೆ ಎಂದೆಲ್ಲ ಬರೆದೆ. ಬರವಣಿಗೆಯಲ್ಲಿ 6.5, ಒಟ್ಟಿನಲ್ಲಿ 7 ಬಂತು. ವಿಶ್ವವಿದ್ಯಾಲಯದ ಪತ್ರವೂ ಬಂತು.

ಹೊರಡುವ ಹಿಂದಿನ ದಿನ ಅಪ್ಪ ಅದೇ ಕಟ್ಟೆಯ ಮೇಲೆ ಕುಳಿತು, “ಈ ಸಲ ಏನ್ ಬರದಿ?” ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ಎಲ್ಲವನ್ನೂ ನೆನಪಿನಿಂದ ಹೇಳಿದೆ. ಅಪ್ಪ ತಲೆಯಾಡಿಸುತ್ತ ಕೇಳಿದರು. ತಮ್ಮನ ಮಾತು ಬಂದಾಗ ತಲೆಯಾಡಿಸುವುದನ್ನು ನಿಲ್ಲಿಸಿದರು.

“ಸವುಳು ಬಂತು, ಆಮ್ಯಾಲ ಅಂವ ಹೋದ. ಅದು ಖರೇ. ಸವುಳಿಗೇ ಹೋದ ಅಂತ ಅಂವ ನಿನಗ ಹೇಳ್ಯಾನೇನು?”

ನಾನು ಉತ್ತರಿಸುವುದಕ್ಕೆ ತಡವಾಯಿತು.

“ಹೇಳಿಲ್ಲ,” ಎಂದೆ.

ಅಪ್ಪ ಮತ್ತೇನನ್ನೂ ಕೇಳಲಿಲ್ಲ. ದನಗಳಿಗೆ ನೀರು ತೋರಿಸಲು ಎದ್ದುಹೋದರು. ಆ ರಾತ್ರಿ ಊಟವಾದ ಮೇಲೆ ತಮ್ಮನಿಗೆ ಫೋನು ಮಾಡಿ, ಗದ್ದೆಯನ್ನು ಏಕೆ ಬಿಟ್ಟೆಯೆಂದು ಕೇಳಿದೆ. ಅವನು ಮೊದಲು ನಕ್ಕ. ಆಮೇಲೆ ಬಹಳ ಹೊತ್ತು ಮಾತನಾಡಿದ.